ಮುಪ್ಪಿನ ಮರೆವು ಮತ್ತು ಮದ್ದು: ಪ್ರಮಾಣಗಳ ಒಂದು ವಿಮರ್ಶೆ

1

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವಯಸ್ಸಾದವರು ಹೇಳಿದ್ದನ್ನೇ ಮತ್ತೆ ಹೇಳಿದರೆ, ಇಟ್ಟ ವಸ್ತುವನ್ನು ಮರೆತರೆ, ಮಾತಿನ ನಡುವೆ ಪದಕ್ಕಾಗಿ ತಡಕಾಡಿದರೆ, ಮನೆಯವರು ಈ ಗಾದೆಯನ್ನು ನೆನೆದು ಸುಮ್ಮನಾಗುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ನಂಬಿಕೆಯೂ ಇದಕ್ಕೆ ಒತ್ತಾಸೆಯಾಗಿ ನಿಂತಿದೆ. ಆದರೆ ‘ಅರಳು ಮರಳು’ ಎಂಬ ಹೆಸರಿನ ಸಂಕಲನಕ್ಕಾಗಿಯೇ ಬೇಂದ್ರೆಯವರು 1958ರಲ್ಲಿ, ಅರವತ್ತನ್ನು ದಾಟಿದ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರೆಂಬುದನ್ನು ನೆನೆದರೆ, ಗಾದೆಯ ಮಾತು ಎಲ್ಲರಿಗೂ ಸಲ್ಲತಕ್ಕದ್ದಲ್ಲವೆಂಬುದು ವಿದಿತವಾಗುತ್ತದೆ.

ಮುಪ್ಪಿನಲ್ಲಿ ತೋರುವ ಮರೆವಿಗೆ ವಯಸ್ಸೊಂದೇ ಕಾರಣವಲ್ಲ. ರೋಗ ಕಾರಣವಾಗಬಹುದು, ರೋಗದ ಉಪಶಮನಕ್ಕೆಂದು ಕೊಟ್ಟ ಔಷಧಿಯೂ ಕಾರಣವಾಗಬಹುದು. ಈ ಮೂರನೆಯ ಕಾರಣವನ್ನು ಕುರಿತು ಕಳೆದ ಐವತ್ತು ವರ್ಷಗಳಲ್ಲಿ ವಿಪುಲವಾದ ಸಂಶೋಧನೆ ನಡೆದಿದೆ. ಅದರ ಮುಖ್ಯಾಂಶಗಳನ್ನು ತೂಗಿ ನೋಡಿ, ಯಾವುದು ಸಿದ್ಧವಾಗಿದೆ, ಯಾವುದು ಇನ್ನೂ ಶಂಕಾಸ್ಪದವಾಗಿದೆ ಎಂಬುದನ್ನು ವಿಂಗಡಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಪ್ರತಿಜ್ಞೆಗಳು ಒಂದರೊಡನೊಂದು ಬೆರೆತು ಹೋಗಿವೆ. ಕೆಲವು ಔಷಧಿಗಳು, ಸೇವಿಸುತ್ತಿರುವಷ್ಟು ಕಾಲ, ವೃದ್ಧರ ಸ್ಮೃತಿಯನ್ನೂ ವಿಚಾರಶಕ್ತಿಯನ್ನೂ ಮಂದಗೊಳಿಸುತ್ತವೆ ಎಂಬುದು ಮೊದಲನೆಯದು. ಅವೇ ಔಷಧಿಗಳನ್ನು ವರ್ಷಗಟ್ಟಲೆ ಸೇವಿಸಿದರೆ ಡಿಮೆನ್ಷಿಯಾ, ಎಂದರೆ ಮರಳಿ ಸರಿಹೋಗದ ಬುದ್ಧಿಕ್ಷಯ, ಉಂಟಾಗುತ್ತದೆ ಎಂಬುದು ಎರಡನೆಯದು. ಇವೆರಡೂ ಒಂದೇ ಮಾತಿನ ಎರಡು ಮುಖಗಳೆಂದು ಮೇಲುನೋಟಕ್ಕೆ ಕಂಡರೂ, ಅವುಗಳ ಹಿಂದಿರುವ ಪ್ರಮಾಣಗಳು ಬೇರೆ, ಅವುಗಳ ಬಲವೂ ಬೇರೆ. ಮೊದಲನೆಯದು ಪ್ರಯೋಗದಿಂದ ಸಿದ್ಧವಾದುದು. ಎರಡನೆಯದು ಸಾಹಚರ್ಯದಿಂದ ಊಹಿಸಿದುದು. ಆದರೂ ವೃತ್ತಪತ್ರಿಕೆಗಳಲ್ಲಿಯೂ ಜನರ ಮಾತಿನಲ್ಲಿಯೂ ಎರಡನೆಯದರ ಗದ್ದಲವೇ ಹೆಚ್ಚು. ನಿಶ್ಚಿತವಾದುದನ್ನೂ ಪರಿಹಾರವುಳ್ಳದ್ದನ್ನೂ ಬಿಟ್ಟು, ಅನಿಶ್ಚಿತವಾದುದಕ್ಕೆ ಹೆದರುವ ಈ ವಿಪರ್ಯಾಸವೇ ಇಲ್ಲಿಯ ವಿಮರ್ಶೆಗೆ ವಸ್ತು.

2

ಮೊದಲ ಪ್ರತಿಜ್ಞೆಯ ಆಧಾರವನ್ನು ನೋಡೋಣ. ನರಗಳು ಒಂದಕ್ಕೊಂದು ಸಂಜ್ಞೆ ಕಳುಹಿಸುವುದು ರಾಸಾಯನಿಕ ವಸ್ತುಗಳ ಮೂಲಕವೆಂಬುದನ್ನು 1921ರಲ್ಲಿ ಆಟೊ ಲೋವಿಯವರು ಕಪ್ಪೆಯ ಹೃದಯದ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿದರು. ಇದಕ್ಕಾಗಿ ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಹೃದಯದ ಬಡಿತವನ್ನು ನಿಧಾನಗೊಳಿಸುವುದು, ಜೊಲ್ಲನ್ನು ಸುರಿಸುವುದು, ಮೂತ್ರಕೋಶವನ್ನು ಸಂಕೋಚಿಸುವುದು ಅದರ ಕೆಲಸಗಳು. ಮಿದುಳಿನಲ್ಲಿ ಅವಧಾನಕ್ಕೂ ಹೊಸ ವಿಷಯಗಳನ್ನು ನೆನಪಿನಲ್ಲಿ ಕೂಡಿಡುವುದಕ್ಕೂ ಅದು ಅಗತ್ಯ.

ಈ ವಸ್ತುವಿನ ಕ್ರಿಯೆಯನ್ನು ತಡೆಯುವ ದ್ರವ್ಯಗಳು ಪ್ರಾಚೀನಕಾಲದಿಂದಲೂ ಮನುಷ್ಯನಿಗೆ ಪರಿಚಿತವಾಗಿವೆ. ನಮ್ಮ ಹಳ್ಳಿಗಳ ಬೇಲಿಯ ಬದಿಯಲ್ಲಿ ಬೆಳೆಯುವ ದತ್ತೂರಿಯಲ್ಲಿ ಅಟ್ರೊಪಿನ್ ಮತ್ತು ಸ್ಕೊಪಾಲಮಿನ್ ಎಂಬ ಅಂಥ ಎರಡು ದ್ರವ್ಯಗಳಿವೆ. ಆ ಗಿಡಕ್ಕೆ ಕನ್ನಡದಲ್ಲಿ ಉಮ್ಮತ್ತಿ, ಮದಗುಣಿಕೆ ಎಂಬ ಹೆಸರುಗಳಿವೆ. ‘ಉಮ್ಮತ್ತಿ’ ಎಂಬುದು ಸಂಸ್ಕೃತದ ‘ಉನ್ಮತ್ತ’ದ ತದ್ಭವ. ಗಿಡದ ಹೂವನ್ನಾಗಲಿ ಮುಳ್ಳುಕಾಯಿಯನ್ನಾಗಲಿ ನೋಡದೆ, ಅದು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ನೋಡಿ ಹೆಸರಿಟ್ಟವರು ಈ ಸಂಬಂಧವನ್ನು ತಮ್ಮ ಅನುಭವದಿಂದಲೇ ಅರಿತಿದ್ದರೆನ್ನಬೇಕು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವೈದ್ಯರು ಹೆರಿಗೆಯ ಕಾಲದಲ್ಲಿ ಮಾರ್ಫೀನ್ ಜೊತೆಗೆ ಸ್ಕೊಪಾಲಮಿನ್ ಕೊಟ್ಟು, ತಾಯಿಗೆ ನೋವಿನ ನೆನಪೇ ಉಳಿಯದಂತೆ ಮಾಡುವ ಪದ್ಧತಿಯನ್ನು ರೂಢಿಗೆ ತಂದರು. ನೋವು ಇಲ್ಲದೆ ಹೋಗುತ್ತಿರಲಿಲ್ಲ. ಅದರ ನೆನಪು ಮಾತ್ರ ನಿಲ್ಲುತ್ತಿರಲಿಲ್ಲ.

ಇವನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಒಡ್ಡಿದವರು ಡೇವಿಡ್ ಡ್ರಾಕ್‌ಮನ್ ಮತ್ತು ಜಾನೆಟ್ ಲೆವಿಟ್. 1974ರಲ್ಲಿ ಪ್ರಕಟವಾದ ಅವರ ಪ್ರಬಂಧ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಓದಲೇಬೇಕಾದುದು. ಆರೋಗ್ಯವಂತರಾದ ತರುಣರಿಗೆ ಸ್ಕೊಪಾಲಮಿನ್ ಕೊಟ್ಟಾಗ, ಕೇಳಿದ ಅಂಕಿಗಳನ್ನು ತತ್‌ಕ್ಷಣದಲ್ಲಿ ಒಪ್ಪಿಸುವ ಶಕ್ತಿ ಕುಂದಲಿಲ್ಲ. ಆದರೆ ಹೊಸದಾಗಿ ಕಲಿತುದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವ ಶಕ್ತಿ ಕುಂದಿತು. ಅದಕ್ಕಿಂತ ಗಮನಾರ್ಹವಾದ ಸಂಗತಿಯೆಂದರೆ, ಆ ತರುಣರ ಸ್ಮೃತಿಲೋಪದ ವಿನ್ಯಾಸ ಔಷಧಿಯನ್ನೇ ಸೇವಿಸದ ವೃದ್ಧರ ಸ್ಮೃತಿಲೋಪವನ್ನು ಬಲುಮಟ್ಟಿಗೆ ಹೋಲುತ್ತಿತ್ತು. ಮುಂದೆ 1977ರಲ್ಲಿ ಡ್ರಾಕ್‌ಮನ್ನರು, ಅಸಿಟೈಲ್‌ಕೋಲಿನ್ನಿನ ಕ್ರಿಯೆಯನ್ನು ಹೆಚ್ಚಿಸುವ ಫೈಸೊಸ್ಟಿಗ್ಮಿನ್ ಈ ಲೋಪವನ್ನು ಕಡಮೆ ಮಾಡುತ್ತದೆಂದೂ, ಕೇವಲ ಎಚ್ಚರವನ್ನು ಹೆಚ್ಚಿಸುವ ಆಂಫೆಟಮಿನ್ ಕಡಮೆ ಮಾಡುವುದಿಲ್ಲವೆಂದೂ ತೋರಿಸಿದರು. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅನ್ವಯವೂ ಇದೆ, ವ್ಯತಿರೇಕವೂ ಇದೆ: ಕಾರಣವಿದ್ದಲ್ಲಿ ಕಾರ್ಯ ಕಂಡಿತು, ಕಾರಣವನ್ನು ಹಿಮ್ಮೆಟ್ಟಿಸಿದಾಗ ಕಾರ್ಯವೂ ಹಿಮ್ಮೆಟ್ಟಿತು. ತೂಕಡಿಕೆಯಿಂದ ಮರೆವು ಬಂದಿತೆಂಬ ಆಕ್ಷೇಪಕ್ಕೂ ಇದರಲ್ಲಿಯೇ ಸಮಾಧಾನವಿದೆ.

ಸ್ಕೊಪಾಲಮಿನ್ ನಿತ್ಯ ಬಳಕೆಯ ವಸ್ತುವಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಅದೇ ಜಾತಿಯ ಕ್ರಿಯೆಯುಳ್ಳ ಔಷಧಿಗಳು ಮನೆಮನೆಯಲ್ಲಿವೆ: ನೆಗಡಿಗೂ ತುರಿಕೆಗೂ ಕೊಡುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರವನ್ನು ತಡೆಯಲಾರದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಟೊಲ್ಟೆರೊಡಿನ್, ಪಾರ್ಕಿನ್‌ಸನ್ ರೋಗದ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಇವು ಬೇರೆ ಬೇರೆ ಬೇನೆಗಳ ಮದ್ದುಗಳು. ಬೇರೆ ಬೇರೆ ವೈದ್ಯರು ಬರೆದುಕೊಡುವಂಥವು. ಆದುದರಿಂದಲೇ ಇವೆಲ್ಲದರಲ್ಲಿಯೂ ಹೆಚ್ಚು ಕಡಮೆಯಾಗಿ ಒಂದೇ ಗುಣ ಅಡಗಿರುವುದು ಕಣ್ಣಿಗೆ ಬೀಳುವುದಿಲ್ಲ. ಒಂದೊಂದೂ ಅಲ್ಪವೆನಿಸಿದರೂ ಮೂರು ಕೂಡಿದಾಗ ಭಾರ ಹೆಚ್ಚುತ್ತದೆ.

ಎರಡನೆಯ ಗುಂಪಿನವು ನಿದ್ರೆಗೂ ಉದ್ವೇಗಶಮನಕ್ಕೂ ಕೊಡುವ ಬೆಂಜೊಡಯಜೆಪಿನ್ ವರ್ಗದ ಗುಳಿಗೆಗಳು. ಈ ವರ್ಗದ ಕ್ಲೋರ್‌ಡಯಜೆಪಾಕ್ಸೈಡ್ 1960ರಲ್ಲಿಯೂ ಡಯಜೆಪಾಮ್ 1963ರಲ್ಲಿಯೂ ಬಳಕೆಗೆ ಬಂದುವು. ಇವು ಮಿದುಳಿನ ನಿರೋಧಕ ಸಂಜ್ಞೆಗಳನ್ನು ಬಲಪಡಿಸುತ್ತವೆ. ಹಳೆಯ ನೆನಪನ್ನು ಇವು ಅಳಿಸುವುದಿಲ್ಲ. ಗುಳಿಗೆಯ ಪ್ರಭಾವವಿರುವಾಗ ನಡೆದುದರ ನೆನಪು ನಿಲ್ಲಗೊಡುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಇದೇ ವರ್ಗದ ಮಿಡಜೋಲಾಮನ್ನು ಕೊಡುವುದರ ಉದ್ದೇಶಗಳಲ್ಲಿ ಇದೂ ಒಂದು. ಶಸ್ತ್ರಶಾಲೆಯಲ್ಲಿ ಬೇಕೆಂದೇ ಉಂಟುಮಾಡುವ ಮರೆವು ಮನೆಯಲ್ಲಿ ತಾನಾಗಿ ಉಂಟಾದಾಗ ಅದಕ್ಕೆ ವಯಸ್ಸನ್ನು ಹೊಣೆಮಾಡುವುದು ಉಚಿತವಲ್ಲ.

3

ತರುಣರು ತಾಳಿಕೊಳ್ಳುವ ಪ್ರಮಾಣವನ್ನು ವೃದ್ಧರು ತಾಳಿಕೊಳ್ಳಲಾರರೇಕೆ? ದೇಹವು ಔಷಧಿಯನ್ನು ವಿಸರ್ಜಿಸುವ ವೇಗ ಕುಂದುವುದು ಒಂದು ಕಾರಣ. 1975ರಲ್ಲಿ ಉಲ್ರಿಚ್ ಕ್ಲೊಟ್ಸ್ ಮತ್ತು ಅವರ ಸಂಗಡಿಗರು ಡಯಜೆಪಾಮನ್ನು ಕುರಿತು ಕಂಡುಕೊಂಡ ಸಂಗತಿ ಸ್ಪಷ್ಟವಾಗಿದೆ: ರಕ್ತದಲ್ಲಿ ಔಷಧಿಯ ಪ್ರಮಾಣ ಅರ್ಧಕ್ಕೆ ಇಳಿಯಲು 20 ವರ್ಷದವರಲ್ಲಿ ಸುಮಾರು 20 ಗಂಟೆಗಳು ಸಾಕು, 80 ವರ್ಷದವರಲ್ಲಿ ಸುಮಾರು 90 ಗಂಟೆಗಳು ಬೇಕು. ತೊಂಬತ್ತು ಗಂಟೆಗಳೆಂದರೆ ಹೆಚ್ಚುಕಡಮೆ ನಾಲ್ಕು ದಿನ. ಅಜ್ಜನು ಸೋಮವಾರ ರಾತ್ರಿ ನುಂಗಿದ ಗುಳಿಗೆಯ ಅರ್ಧಭಾಗ ಶುಕ್ರವಾರ ಮಧ್ಯಾಹ್ನವೂ ದೇಹದಲ್ಲಿ ಉಳಿದಿರುತ್ತದೆ. ಅಷ್ಟರೊಳಗೆ ಇನ್ನೂ ಮೂರು ಗುಳಿಗೆಗಳು ಅದರ ಮೇಲೆ ಬಿದ್ದಿರುತ್ತವೆ. ಎರಡನೆಯ ಕಾರಣವೆಂದರೆ, ಮುಪ್ಪಿನ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ನಿನ ದಾಸ್ತಾನು ಮೊದಲಿನಷ್ಟು ಸಮೃದ್ಧವಾಗಿರುವುದಿಲ್ಲ. ಆಲ್‌ಜೈಮರ್ ರೋಗದಿಂದ ಸತ್ತವರ ಮಿದುಳಿನಲ್ಲಿ ಆ ವಸ್ತುವನ್ನು ತಯಾರಿಸುವ ಕಿಣ್ವ ಬಹಳ ಮಟ್ಟಿಗೆ ಕುಗ್ಗಿರುವುದನ್ನು ಪೀಟರ್ ಡೇವಿಸ್ ಮತ್ತು ಮೆಲೊನಿಯವರು 1976ರಲ್ಲಿ ವರದಿಮಾಡಿದರು. ಬಡವನ ಕಣಜದಿಂದ ಒಂದು ಸೇರು ತೆಗೆದರೂ ಅದು ಎದ್ದು ಕಾಣುತ್ತದೆ.

ಈ ಬಗೆಯ ಅರಿವಿನ ಫಲವಾಗಿ ಅಮೆರಿಕದ ಮಾರ್ಕ್ ಬೀಯರ್ಸ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ವೃದ್ಧರಿಗೆ ಸಾಮಾನ್ಯವಾಗಿ ಕೊಡಬಾರದ ಔಷಧಿಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಈಗ ಅಮೆರಿಕದ ವೃದ್ಧವೈದ್ಯ ಸಂಘವು ಅದನ್ನು ಪರಿಷ್ಕರಿಸುತ್ತ ಬಂದಿದೆ. 2023ರಲ್ಲಿಯೂ ಒಂದು ಪರಿಷ್ಕರಣ ಹೊರಬಂದಿತು. ಮೇಲೆ ಹೇಳಿದ ಎರಡು ಗುಂಪಿನ ಔಷಧಿಗಳೂ ಅದರಲ್ಲಿ ಪ್ರಮುಖವಾಗಿ ಸೇರಿವೆ.

ಆದರೂ ಬಳಕೆ ನಿಂತಿಲ್ಲ. ಕೆಲವೊಮ್ಮೆ ಚಿಕಿತ್ಸೆಯೇ ಚಿಕಿತ್ಸೆಯನ್ನು ಹೆರುತ್ತದೆ. ಆಲ್‌ಜೈಮರ್ ರೋಗಿಗಳಿಗೆ ಕೊಡುವ ಡೊನೆಪೆಜಿಲ್ ಮೊದಲಾದ ಮದ್ದುಗಳು ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ನನ್ನು ಹೆಚ್ಚಿಸುತ್ತವೆ; ಆದರೆ ಮೂತ್ರಕೋಶದಲ್ಲಿಯೂ ಅದರ ಕ್ರಿಯೆ ಹೆಚ್ಚುವುದರಿಂದ ಕೆಲವರಿಗೆ ಮೂತ್ರವನ್ನು ತಡೆಯಲಾಗುವುದಿಲ್ಲ. ಅದನ್ನು ಹೊಸ ರೋಗವೆಂದು ಭಾವಿಸಿ, ಅಸಿಟೈಲ್‌ಕೋಲಿನ್ನನ್ನು ತಡೆಯುವ ಮತ್ತೊಂದು ಗುಳಿಗೆಯನ್ನು ಕೊಡುತ್ತಾರೆ. ಕೆನಡಾದ ಆಂಟೇರಿಯೊ ಪ್ರಾಂತದ 44,884 ಬುದ್ಧಿಕ್ಷಯದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮದ್ದನ್ನು ಪಡೆಯುತ್ತಿದ್ದವರಿಗೆ ಈ ಎರಡನೆಯ ಮದ್ದು ದೊರೆಯುವ ಸಂಭವ ಉಳಿದವರಿಗಿಂತ 1.55 ಪಟ್ಟು ಇತ್ತೆಂದು ತಿಳಿದುಬಂದಿತು. ಒಂದು ಕೈಯಿಂದ ದೀಪಕ್ಕೆ ಎಣ್ಣೆ ಎರೆಯುತ್ತ ಇನ್ನೊಂದು ಕೈಯಿಂದ ಅದನ್ನು ಬಸಿಯುವುದೆಂದರೆ ಇದೇ.

ಇಷ್ಟರಿಂದ ಮೊದಲ ಪ್ರತಿಜ್ಞೆ ಸಿದ್ಧವಾಯಿತೆಂದು ಹೇಳಬಹುದು. ಇದರ ಒಂದು ಉಪಸಿದ್ಧಾಂತವನ್ನೂ ಗಮನಿಸಬೇಕು. ಔಷಧಿಯಿಂದ ಬಂದ ಮಬ್ಬು ಔಷಧಿಯನ್ನು ಕ್ರಮವಾಗಿ ಕಡಮೆ ಮಾಡಿದಾಗ ಸಾಮಾನ್ಯವಾಗಿ ಹಿಂದೆಗೆಯುತ್ತದೆ. ಗುಳಿಗೆ ಬದಲಾದ ಕೆಲವೇ ದಿನಗಳಲ್ಲಿ ಹಠಾತ್ತಾಗಿ ತೋರಿ, ಗಂಟೆಗಂಟೆಗೆ ಏರಿಳಿಯುವ ಗೊಂದಲವು ಬುದ್ಧಿಕ್ಷಯವಲ್ಲ, ಸನ್ನಿ. ಬುದ್ಧಿಕ್ಷಯ ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಸನ್ನಿ ನಿನ್ನೆ ಇರಲಿಲ್ಲ, ಇಂದು ಇದೆ. ಈ ಭೇದವನ್ನು ತಿಳಿಯದೆ ಸನ್ನಿಯನ್ನು ಅರಳು ಮರಳೆಂದು ಕರೆದರೆ, ಗುಣವಾಗಬಲ್ಲವರೊಬ್ಬರನ್ನು ಗುಣವಾಗದವರ ಸಾಲಿಗೆ ಸೇರಿಸಿದಂತಾಗುತ್ತದೆ.

4

ಇನ್ನು ಎರಡನೆಯ ಪ್ರತಿಜ್ಞೆ. ಇದಕ್ಕೆ ಮುಖ್ಯ ಆಧಾರವಾಗಿ ಎತ್ತಿ ಹೇಳುವುದು ಮೂರು ಅಧ್ಯಯನಗಳನ್ನು. ಅಮೆರಿಕದ ಸಿಯಾಟಲ್ ನಗರದಲ್ಲಿ ಶೆಲ್ಲಿ ಗ್ರೇ ಮತ್ತು ಸಂಗಡಿಗರು 65 ವರ್ಷ ಮೀರಿದ 3,434 ಮಂದಿಯನ್ನು ಸರಾಸರಿ 7.3 ವರ್ಷಗಳ ಕಾಲ ಅನುಸರಿಸಿ, 2015ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಆ ಅವಧಿಯಲ್ಲಿ 797 ಮಂದಿಗೆ ಬುದ್ಧಿಕ್ಷಯ ತೋರಿತು. ಅಸಿಟೈಲ್‌ಕೋಲಿನ್-ವಿರೋಧಿ ಔಷಧಿಯನ್ನು ಮೂರು ವರ್ಷಗಳ ನಿತ್ಯಸೇವನೆಗೆ ಸಮನಾದುದಕ್ಕಿಂತ ಹೆಚ್ಚಾಗಿ ಪಡೆದವರಲ್ಲಿ ಅಪಾಯ, ಅದನ್ನು ಪಡೆಯದವರಿಗಿಂತ 1.54 ಪಟ್ಟು ಇತ್ತು. ಬ್ರಿಟನ್ನಿನಲ್ಲಿ ರಿಚರ್ಡ್‌ಸನ್ ಮತ್ತು ಸಂಗಡಿಗರು 2018ರಲ್ಲಿ 40,770 ರೋಗಿಗಳನ್ನೂ 2,83,933 ಇತರರನ್ನೂ ಹೋಲಿಸಿದರು; ಕೂಪ್‌ಲಂಡ್ ಮತ್ತು ಸಂಗಡಿಗರು 2019ರಲ್ಲಿ 58,769 ರೋಗಿಗಳನ್ನೂ 2,25,574 ಇತರರನ್ನೂ ಹೋಲಿಸಿ, ಅತ್ಯಧಿಕ ಸೇವನೆಯ ಗುಂಪಿನಲ್ಲಿ 1.49ರ ಅನುಪಾತವನ್ನು ಕಂಡರು.

ಮೊದಲು ಅಂಕಿಗಳ ಅರ್ಥವನ್ನು ತಿಳಿಯಬೇಕು. 1.54 ಎಂಬುದು ಹೋಲಿಕೆಯ ಮಾತು. ಔಷಧಿ ತೆಗೆದುಕೊಂಡ ನೂರು ಮಂದಿಯಲ್ಲಿ 54 ಮಂದಿಗೆ ರೋಗ ಬರುತ್ತದೆಂದು ಅದರ ಅರ್ಥವಲ್ಲ. ಔಷಧಿಯನ್ನು ಪಡೆಯದ ಗುಂಪಿನ ಅಪಾಯ ಎಷ್ಟೋ, ಅದರ ಒಂದೂವರೆ ಪಟ್ಟಿನಷ್ಟು ಎಂದು ಮಾತ್ರ ಅರ್ಥ. ವಿದ್ಯಾವಂತರೂ ಇಲ್ಲಿ ಎಡವುವುದುಂಟು.

ಈ ಅಧ್ಯಯನಗಳ ಪರಿಶ್ರಮವನ್ನು ಮೆಚ್ಚದಿರುವಂತಿಲ್ಲ. ಆದರೆ ಸಾಹಚರ್ಯವೇ ಕಾರಣತ್ವವಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದು ಸರಿ; ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬುದು ಸರಿಯಲ್ಲ; ಏಕೆಂದರೆ ಹೊಗೆಗೆ ಬೆಂಕಿಯ ಜೊತೆಗೆ ಹಸಿಯ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ನಿರ್ಧರಿಸುವ ಅಂಶವನ್ನು ನೈಯಾಯಿಕರು ‘ಉಪಾಧಿ’ ಎಂದು ಕರೆದರು. ಪ್ರಕೃತ ವಿಷಯದಲ್ಲಿ ಉಪಾಧಿ ಯಾವುದು? ಔಷಧಿಯನ್ನು ಕೊಡುವುದಕ್ಕೆ ನಿಮಿತ್ತವಾದ ಬೇನೆಯೇ. ಖಿನ್ನತೆ, ನಿದ್ರಾಹೀನತೆ, ಮೂತ್ರದ ತೊಂದರೆ ಇವು ಬುದ್ಧಿಕ್ಷಯದ ಪೂರ್ವಲಕ್ಷಣಗಳಾಗಿಯೂ ತೋರಬಲ್ಲವು. ರೋಗವು ಮಿದುಳಿನಲ್ಲಿ ಬೇರುಬಿಟ್ಟ ಮೇಲೆ ನೆನಪು ಕೆಡುವುದಕ್ಕೆ ಹತ್ತು ಹದಿನೈದು ವರ್ಷಗಳೂ ಹಿಡಿಯಬಹುದು. ಆ ನಡುಗಾಲದಲ್ಲಿ ನಿದ್ದೆ ಕೆಟ್ಟವನು ಗುಳಿಗೆಯನ್ನು ಬೇಡುತ್ತಾನೆ. ಮುಂದೆ ರೋಗ ಹೊರಗೆ ಕಾಣುತ್ತದೆ. ನೋಡುವವರಿಗೆ ಗುಳಿಗೆ ಮೊದಲು, ರೋಗ ಆಮೇಲೆ. ವಸ್ತುತಃ ರೋಗ ಮೊದಲು, ಗುಳಿಗೆ ಆಮೇಲೆ. ಇಲ್ಲಿ ಕಾರ್ಯವೇ ಕಾರಣದ ವೇಷದಲ್ಲಿ ನಿಂತಿರುವ ಸಂಭವವಿದೆ.

ಸಂಶೋಧಕರು ಇದನ್ನು ಅರಿಯದವರಲ್ಲ. ಸಿಯಾಟಲ್‌ನವರು ಕಡೆಯ ಒಂದು ವರ್ಷದ ಸೇವನೆಯನ್ನು ಲೆಕ್ಕದಿಂದ ಬಿಟ್ಟರು. ರಿಚರ್ಡ್‌ಸನ್ನರು ರೋಗನಿರ್ಣಯಕ್ಕೆ ಹಿಂದಿನ ನಾಲ್ಕು ವರ್ಷಗಳನ್ನು ಬಿಟ್ಟು, ಅದಕ್ಕೂ ಹಿಂದಿನ ಸೇವನೆಯನ್ನು ಪರಿಗಣಿಸಿದರು. ಹತ್ತು ವರ್ಷಗಳ ಗುಪ್ತಾವಸ್ಥೆಯುಳ್ಳ ರೋಗಕ್ಕೆ ಒಂದು ವರ್ಷದ ಅಂತರ ಸಾಲದು; ನಾಲ್ಕು ವರ್ಷಗಳ ಅಂತರ ಅದಕ್ಕಿಂತ ಉತ್ತಮ. ಈ ಎರಡನೆಯ ಅಧ್ಯಯನದಲ್ಲಿ ಪ್ರಬಲವಾದ ಔಷಧಿಗಳನ್ನು ಎಂದಾದರೂ ಪಡೆದವರ ಅನುಪಾತ 1.11 ಮಾತ್ರ. ಅಳತೆಯ ಕ್ರಮ ಬೇರೆಯಾದುದರಿಂದ ಇದನ್ನು 1.54ರ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಲಾಗದಾದರೂ, ಇದು ಭೀತಿಗೆ ಎಡೆಗೊಡುವಂಥ ಸಂಖ್ಯೆಯಲ್ಲ.

ಇನ್ನೊಂದು ತೊಡಕಿದೆ. ಅಸಿಟೈಲ್‌ಕೋಲಿನ್ನನ್ನು ತಡೆಯುವುದೇ ಬುದ್ಧಿಕ್ಷಯಕ್ಕೆ ಕಾರಣವಾಗಿದ್ದರೆ, ಆ ಗುಣವುಳ್ಳ ಔಷಧಿಗಳೆಲ್ಲ ಒಂದೇ ಫಲವನ್ನು ಕೊಡಬೇಕಾಗಿತ್ತು. ಹಾಗಾಗಲಿಲ್ಲ. ಖಿನ್ನತೆ, ಮೂತ್ರಕೋಶ, ಪಾರ್ಕಿನ್‌ಸನ್ ರೋಗ ಇವುಗಳ ಔಷಧಿಗಳಲ್ಲಿ ಸಂಬಂಧ ಕಂಡಿತು. ಹೊಟ್ಟೆನುಲಿತದ ಔಷಧಿಗಳಲ್ಲಿಯೂ ನೆಗಡಿ ತುರಿಕೆಗಳ ಔಷಧಿಗಳಲ್ಲಿಯೂ ಕೂಪ್‌ಲಂಡರಿಗೆ ಗಣನೀಯವಾದ ಸಂಬಂಧ ಕಾಣಲಿಲ್ಲ. ಮಿದುಳಿನ ಬೇನೆಗಳಿಗೆ ಕೊಡುವ ಮದ್ದುಗಳಲ್ಲಿಯೇ ಸಂಬಂಧ ಗಟ್ಟಿಯಾಗಿರುವುದು ಉಪಾಧಿಯ ಶಂಕೆಯನ್ನು ಬಲಪಡಿಸುತ್ತದೆ. ಇದಕ್ಕೆ ಪ್ರತಿಯಾಗಿ, ನೆಗಡಿಯ ಮಾತ್ರೆಯನ್ನು ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದುದರಿಂದ ದಾಖಲೆ ಅಪೂರ್ಣವೆಂದೂ, ಹೊಟ್ಟೆಯ ಔಷಧಿಗಳಲ್ಲಿ ಕೆಲವು ಮಿದುಳನ್ನು ಹೊಗಲಾರವೆಂದೂ ಸಮರ್ಥಕರು ಹೇಳಬಹುದು. ಈ ಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ಆದುದರಿಂದ ಎರಡನೆಯ ಪ್ರತಿಜ್ಞೆ ಸುಳ್ಳೆಂದು ನಾವು ಹೇಳುವುದಿಲ್ಲ; ಸಿದ್ಧವಾಗಿಲ್ಲವೆಂದು ಹೇಳುತ್ತೇವೆ.

ನಿದ್ರೆಯ ಗುಳಿಗೆಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಕೆನಡಾದ ಕ್ವಿಬೆಕ್ ಪ್ರಾಂತದ 1,796 ಆಲ್‌ಜೈಮರ್ ರೋಗಿಗಳ ದಾಖಲೆಗಳಿಂದ 2014ರಲ್ಲಿ 1.51ರ ಅನುಪಾತ ದೊರೆಯಿತು. ಅದು ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. 2016ರಲ್ಲಿ ಗ್ರೇ ಅವರ ಗುಂಪು ಸಿಯಾಟಲ್‌ನ ಅದೇ 3,434 ಮಂದಿಯಲ್ಲಿ ಇದನ್ನು ಪರೀಕ್ಷಿಸಿದಾಗ, ಸ್ವಲ್ಪ ಸೇವಿಸಿದವರಲ್ಲಿ ಅಪಾಯ ತುಸು ಹೆಚ್ಚಾಗಿಯೂ, ಅತ್ಯಧಿಕವಾಗಿ ಸೇವಿಸಿದವರಲ್ಲಿ ಹೆಚ್ಚಿಲ್ಲದೆಯೂ ಕಂಡಿತು. ವಿಷ ಹೆಚ್ಚಿದಂತೆ ಬಾಧೆ ಹೆಚ್ಚಬೇಕಲ್ಲದೆ ತಗ್ಗಬಾರದು. ಈ ಫಲಿತಾಂಶವು ಪೂರ್ವಲಕ್ಷಣದ ವಾದಕ್ಕೆ ಹೊಂದಿಕೆಯಾಗುತ್ತದೆಯೇ ಹೊರತು ಕಾರಣತ್ವದ ವಾದಕ್ಕೆ ಹೊಂದುವುದಿಲ್ಲ. ಅದು ಮೊದಲನೆಯ ವರದಿಯಷ್ಟು ಸುದ್ದಿಯಾಗಲಿಲ್ಲವೆಂಬುದು ಖೇದದ ಸಂಗತಿ.

5

ಎರಡನೆಯ ಪ್ರತಿಜ್ಞೆ ಸಿದ್ಧವಾಗದಿದ್ದರೆ ಮೊದಲನೆಯದಕ್ಕೂ ಬೆಲೆಯಿಲ್ಲವೆಂದು ಕೆಲವರು ನಿಶ್ಚಿಂತರಾಗುತ್ತಾರೆ. ಎರಡನೆಯದು ನಿಜವಿರಬಹುದೆಂಬ ಭಯದಿಂದ ಗುಳಿಗೆಗಳನ್ನು ಒಮ್ಮೆಗೇ ಎಸೆಯುವವರೂ ಉಂಟು. ಎರಡೂ ತಪ್ಪು. ಬೆಂಜೊಡಯಜೆಪಿನ್ನನ್ನು ದೀರ್ಘಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸಿದರೆ ಸೆಳವು ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ತೀವ್ರವಾದ ಖಿನ್ನತೆಯನ್ನು ಚಿಕಿತ್ಸೆಯಿಲ್ಲದೆ ಬಿಡುವುದೂ ಸ್ಮೃತಿಗೆ ಹಿತವಲ್ಲ. ವೃದ್ಧರ ಔಷಧಿಗಳನ್ನು ಪುನಃಪರಿಶೀಲಿಸುವುದಕ್ಕೆ ಮುಂದೆಂದೋ ಬರಬಹುದಾದ ರೋಗದ ಭಯ ಬೇಕಾಗಿಲ್ಲ; ಇಂದು ಕವಿದಿರುವ ಮಬ್ಬೇ ಸಾಕಾದ ಕಾರಣ.

ಗುಳಿಗೆಯನ್ನು ನಿಲ್ಲಿಸಿದರೂ ಸ್ಮೃತಿ ಪೂರ್ತಿಯಾಗಿ ಮರಳದಿದ್ದರೆ ನಿಮ್ಮ ವಾದ ಬಿದ್ದುಹೋಗುವುದಿಲ್ಲವೇ ಎಂದು ಕೇಳಬಹುದು. ಬೀಳುವುದಿಲ್ಲ. ಔಷಧಿಯ ಮಬ್ಬು ಮೊದಲು ಕವಿಯುವುದು ಈಗಾಗಲೇ ದುರ್ಬಲವಾದ ಮಿದುಳಿಗೆ. ರೋಗವೂ ಗುಳಿಗೆಯೂ ಒಬ್ಬರಲ್ಲಿಯೇ ಇರಬಹುದು. ಆಗ ಗುಳಿಗೆಯ ಪಾಲನ್ನು ತೆಗೆದ ಮೇಲೆ ಉಳಿದುದೇ ರೋಗದ ಪಾಲು. ಆ ಪಾಲು ಎಷ್ಟೆಂದು ತಿಳಿಯುವುದಕ್ಕಾದರೂ ಮೊದಲಿನದನ್ನು ತೆಗೆಯಬೇಕು.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಸ್ಮೃತಿಪರೀಕ್ಷೆಗಳನ್ನು ಕಲಿಯುವವರು, ಕಲಿಸುವವರು. ಅವರಿಗೆ ಈ ವಿಮರ್ಶೆಯಿಂದ ಒಂದು ನೇರವಾದ ಪಾಠವಿದೆ. ವೃದ್ಧರ ಸ್ಮೃತಿಯನ್ನು ಅಳೆಯಹೊರಟ ವಿದ್ಯಾರ್ಥಿ ಅವರ ವಯಸ್ಸು, ವಿದ್ಯಾಭ್ಯಾಸ, ಉದ್ಯೋಗ ಇವನ್ನು ಕೇಳಿ ಬರೆದುಕೊಳ್ಳುವಂತೆಯೇ ಹಿಂದಿನ ವಾರ ಸೇವಿಸಿದ ಔಷಧಿಗಳನ್ನೆಲ್ಲ ಹೆಸರು, ಪ್ರಮಾಣ, ವೇಳೆ ಸಹಿತ ಬರೆದುಕೊಳ್ಳಬೇಕು. “ಔಷಧಿ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರೆ ಸಾಲದು, ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಹಿರಿಯರು ಔಷಧಿಯೆಂದೇ ಎಣಿಸದಿರಬಹುದು. ಮಾತ್ರೆಗಳ ಡಬ್ಬಿಯನ್ನೇ ತರಿಸಿ ನೋಡುವುದು ಲೇಸು. ಹಾಗೆ ಮಾಡದೆ ಪಡೆದ ಅಂಕಗಳಲ್ಲಿ ವಯಸ್ಸಿನ ಪಾಲೆಷ್ಟು, ಗುಳಿಗೆಯ ಪಾಲೆಷ್ಟು ಎಂಬುದನ್ನು ಯಾವ ಗಣಿತವೂ ಆಮೇಲೆ ಬೇರ್ಪಡಿಸಲಾರದು.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. 60 ವರ್ಷ ಮೀರಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಬುದ್ಧಿಕ್ಷಯದಿಂದ ಬಳಲುತ್ತಿರುವರೆಂದು ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 2023ರಲ್ಲಿ ಅಂದಾಜು ಮಾಡಲಾಯಿತು. ಈ ಸಂಖ್ಯೆ ಬೆಳೆದಂತೆ ವೃದ್ಧರ ಮರೆವಿಗೆ ರೋಗದ ಹೆಸರು ಕೊಡುವ ಆತುರವೂ ಬೆಳೆಯುತ್ತದೆ. ಹಿಂದೆ ವಯಸ್ಸಿನ ಹೆಸರಿನಲ್ಲಿ ಕೈಬಿಟ್ಟವರನ್ನು ಇನ್ನು ರೋಗದ ಹೆಸರಿನಲ್ಲಿ ಕೈಬಿಡುವ ಅಪಾಯವಿದೆ. ಹೆಸರು ಕೊಡುವ ಮುನ್ನ ಅವರ ತಲೆದಿಂಬಿನ ಬಳಿಯಿರುವ ಮಾತ್ರೆಗಳನ್ನು ಒಂದೊಂದಾಗಿ ಎತ್ತಿ ನೋಡುವುದು ವೈದ್ಯರ ಕರ್ತವ್ಯವಿರುವಂತೆ ಮನೆಯವರ ಕರ್ತವ್ಯವೂ ಹೌದು. ಅರವತ್ತಾಯಿತೆಂಬುದು ಮರೆವಿಗೆ ಉತ್ತರವಲ್ಲ. ಎಲ್ಲ ಕಾರಣಗಳನ್ನು ಹುಡುಕಿದ ಮೇಲೆ ಏನೂ ಸಿಕ್ಕದಿದ್ದರೆ ಮಾತ್ರ ಹೇಳಬಹುದಾದ ಕೊನೆಯ ಮಾತು.